ಜೋಂಬಿ ಸಿನಿಮಾದಲ್ಲಿ ನಾನು ಬಾಗಿಲು ನೋಡುತ್ತೇನೆ

"'ವರ್ಲ್ಡ್ ವಾರ್ ಝೆಡ್' ನೋಡಿದೆ, ಇಷ್ಟವಾಯಿತು. ಆಮೇಲೆ ನೋಡಿದ ಜೋಂಬಿ ಸಿನಿಮಾಗಳೆಲ್ಲ ಒಂದೇ ಥರ ಅನಿಸಿದವು. ನಿಜಕ್ಕೂ ಚೆನ್ನಾಗಿರುವುದು ಯಾವುದು? ಬೇರೆ ಹಾರರ್ ಇದ್ದರೂ ಹೇಳಿ" ಅಂತ ಕೇಳಿದ್ದೀರಿ.

ಒಂದೇ ಥರ ಅನಿಸಿದ್ದು ನಿಮ್ಮ ತಪ್ಪಲ್ಲ ಬಿಡಿ. ಜೋಂಬಿ ಅಂದರೆ ಸತ್ತ ಮೇಲೂ ಎದ್ದು ಬಂದು ಮನುಷ್ಯರ ಮೇಲೆ ಬೀಳುವ ಹೆಣ. ಅದಕ್ಕೆ ಮಾತಿಲ್ಲ, ಹಗೆ ಇಲ್ಲ, ಇರುವುದು ಹಸಿವೊಂದೇ. ದೆವ್ವಕ್ಕಾದರೂ ಯಾವುದೋ ಹಳೇ ಲೆಕ್ಕ ಚುಕ್ತಾ ಮಾಡುವುದಿರುತ್ತದೆ. ಇದಕ್ಕೆ ಅದೂ ಇಲ್ಲ. ಹಾಗಾಗಿ ಇಂಥ ಸಿನಿಮಾದಲ್ಲಿ ನಾನು ಜೋಂಬಿಗಿಂತ ಬಾಗಿಲನ್ನೇ ಜಾಸ್ತಿ ನೋಡುತ್ತೇನೆ. ಬಾಗಿಲು ಹಾಕಿದ್ದು ಯಾರು, ಹೊರಗೆ ಉಳಿದದ್ದು ಯಾರು, ಒಳಗಿದ್ದವರು ಯಾಕೆ ಕಿತ್ತಾಡುತ್ತಿದ್ದಾರೆ? ಇದು ಸರಿಯಾಗಿ ಕೂತರೆ ಸಿನಿಮಾ ಗೆದ್ದಂತೆ. ಇಲ್ಲದಿದ್ದರೆ ಬಕೆಟ್ ಬಕೆಟ್ ರಕ್ತ ಸುರಿದರೂ ಆಕಳಿಕೆ ಬರುತ್ತದೆ.

ಇನ್ನೂ ನೋಡಿಲ್ಲ ಅಂದರೆ ಮೊದಲು ಕೊರಿಯಾದ 'ಟ್ರೈನ್ ಟು ಬುಸಾನ್' (2016) ನೋಡಿ. ಸೋಲ್‌ನಿಂದ ಬುಸಾನ್‌ಗೆ ಹೊರಟ ರೈಲು. ಅಪ್ಪ, ಪುಟ್ಟ ಮಗಳು, ಒಂದೊಂದೇ ಬೋಗಿ ಕೈತಪ್ಪುತ್ತಾ ಹೋಗುತ್ತದೆ. ಶುರುವಿನಲ್ಲೇ ಒಂದು ದೃಶ್ಯವಿದೆ. ಬೋಗಿಯ ಗಾಜಿನ ಬಾಗಿಲಿನ ಆಚೆ ಜೋಂಬಿಗಳು ಮುಖ ಒತ್ತಿಕೊಂಡು ಬಡಿಯುತ್ತಿರುತ್ತವೆ. ಒಬ್ಬ ಗರ್ಭಿಣಿ ಗಾಜಿಗೆ ನೀರು ಎರಚಿ ನ್ಯೂಸ್‌ಪೇಪರ್ ಅಂಟಿಸುತ್ತಾಳೆ. ಅಷ್ಟೇ, ಸದ್ದು ನಿಲ್ಲುತ್ತದೆ. ಕಣ್ಣಿಗೆ ಬೀಳದಿದ್ದರೆ ಅವು ಸುಮ್ಮನಾಗುತ್ತವೆ, ಬಾಗಿಲು ತೆಗೆಯುವುದಂತೂ ಗೊತ್ತೇ ಇಲ್ಲ. ಎಷ್ಟು ಸಣ್ಣ ಉಪಾಯ ಅಲ್ವಾ? ಕತೆಯ ನಿಯಮ ನಮಗೆ ಅಲ್ಲೇ ಗೊತ್ತಾಗಿಬಿಡುತ್ತದೆ, ಯಾರೂ ಭಾಷಣ ಮಾಡುವುದಿಲ್ಲ. ಆದರೆ ನಿಜವಾದ ಭಯ ಆಮೇಲಿನದು. ಜೋಂಬಿಗಳ ನಡುವೆ ದಾರಿ ಮಾಡಿಕೊಂಡು ಬಂದವರಿಗೆ ಮುಂದಿನ ಬೋಗಿಯ ಮನುಷ್ಯರೇ ಬಾಗಿಲು ತೆಗೆಯುವುದಿಲ್ಲ. ಅದಾದ ಮೇಲೆ ಒಬ್ಬ ಅಜ್ಜಿ ಏನು ಮಾಡುತ್ತಾಳೆ ಅಂತ ನಾನು ಹೇಳುವುದಿಲ್ಲ. ಡಬ್ಬಿಂಗ್ ಬೇಡ, ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಕೊನೆಯಲ್ಲಿ ಆ ಮಗುವಿನ ದನಿ ಅದರದ್ದೇ ಆಗಿರಬೇಕು.

ಈ ಬಾಗಿಲಿನ ಜಗಳ ಶುರುವಾದದ್ದು ಜಾರ್ಜ್ ರೊಮೆರೊ ಮಾಡಿದ 'ನೈಟ್ ಆಫ್ ದಿ ಲಿವಿಂಗ್ ಡೆಡ್' (1968) ಚಿತ್ರದಲ್ಲಿ. ಕಪ್ಪು ಬಿಳುಪು, ಒಂಟಿ ಮನೆ. ಕಿಟಕಿಗೆ ಹಲಗೆ ಹೊಡೆದು ಮೇಲೆಯೇ ಇರೋಣ ಅಂತ ಒಬ್ಬ, ನೆಲಮಾಳಿಗೆಗೆ ಇಳಿದು ಬಾಗಿಲು ಹಾಕಿಕೊಳ್ಳೋಣ ಅಂತ ಇನ್ನೊಬ್ಬ. ಸಿನಿಮಾ ಪೂರ್ತಿ ಈ ಹಗ್ಗಜಗ್ಗಾಟ. ಯಾರ ಮಾತು ಸರಿ ಅಂತ ನೀವೇ ನೋಡಿ, ರೊಮೆರೊ ಅದರಲ್ಲೂ ಒಂದು ಚಿವುಟು ಚಿವುಟಿದ್ದಾರೆ. ತಮಾಷೆ ಅಂದರೆ ಈ ಸಿನಿಮಾದಲ್ಲಿ ಜೋಂಬಿ ಅನ್ನುವ ಪದವೇ ಬರುವುದಿಲ್ಲ. ರಕ್ತ ಅಂತ ಬಳಸಿದ್ದು ಚಾಕೊಲೇಟ್ ಸಿರಪ್. ಕಪ್ಪು ಬಿಳುಪಿನಲ್ಲಿ ಯಾರಿಗೆ ಗೊತ್ತಾಗುತ್ತದೆ! ಬಿಡುಗಡೆ ಹೊತ್ತಿಗೆ ಹೆಸರು ಬದಲಾಯಿಸುವಾಗ ಕಾಪಿರೈಟ್ ಸೂಚನೆ ಬಿಟ್ಟುಹೋಗಿ, ಅಮೆರಿಕದಲ್ಲಿ ಅದು ಯಾರ ಸೊತ್ತೂ ಅಲ್ಲ ಅನ್ನುವಂತಾಯಿತು. ಹಾಗಾಗಿ ಇಂಟರ್ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಮಾಡಿದವರ ಹೊಟ್ಟೆ ಎಷ್ಟು ಉರಿದಿರಬೇಡ.

ಅವರದ್ದೇ 'ಡಾನ್ ಆಫ್ ದಿ ಡೆಡ್' (1978) ಮಾಲ್‌ನೊಳಗೆ ನಡೆಯುತ್ತದೆ. ನಾಲ್ಕು ಜನ ಬಾಗಿಲು ಭದ್ರ ಮಾಡಿಕೊಂಡು, ಬೇಕಾದ್ದೆಲ್ಲ ಪುಕ್ಕಟೆ ಎತ್ತಿಕೊಂಡು, ಕೊನೆಗೆ ಬೇಜಾರಿನಿಂದ ಒದ್ದಾಡುತ್ತಾರೆ. ಜೋಂಬಿಗಳ ಮುಖಕ್ಕೆ ಬಳಿದ ನೀಲಿ ಬಣ್ಣ ಈಗ ನಗು ತರಿಸುತ್ತದೆ, ಆದರೂ ನೋಡಿ. 2004ರಲ್ಲಿ ಝ್ಯಾಕ್ ಸ್ನೈಡರ್ ಅದೇ ಕತೆಯನ್ನು ಮತ್ತೆ ಮಾಡಿದರು. ಅದರಲ್ಲಿ ಜೋಂಬಿಗಳು ಓಡುತ್ತವೆ. ಮೊದಲ ಹತ್ತು ನಿಮಿಷ ಅದ್ಭುತ, ಉಳಿದದ್ದು ಪರವಾಗಿಲ್ಲ.

ಓಡುವುದೋ ತೆವಳುವುದೋ ಅನ್ನುವ ವಾದ ನಮ್ಮಂಥವರ ನಡುವೆ ಮುಗಿಯುವುದೇ ಇಲ್ಲ. ನನ್ನ ಓಟು ತೆವಳುವುದಕ್ಕೆ. ಓಡಿ ಬಂದರೆ ಸಾಯುತ್ತೀರಿ, ಅಷ್ಟೇ. ನಿಧಾನಕ್ಕೆ ಬಂದರೆ ನಿಮಗೆ ತಪ್ಪು ಮಾಡಲು ಟೈಮ್ ಸಿಗುತ್ತದೆ, ಅದೇ ಮಜಾ. ಆದರೆ ಡ್ಯಾನಿ ಬಾಯ್ಲ್ ಅವರ '28 ಡೇಸ್ ಲೇಟರ್' (2002) ಮುಂದೆ ನನ್ನ ವಾದ ನಡೆಯುವುದಿಲ್ಲ. ಅದರಲ್ಲಿ ಇರುವವರು ಸತ್ತವರೂ ಅಲ್ಲ, ರೋಗ ಹತ್ತಿದವರು. ಲಂಡನ್ನಿನ ಖಾಲಿ ಬೀದಿಗಳನ್ನು ಬೆಳಗಿನ ಜಾವ ಸಣ್ಣ ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿದಿದ್ದಾರೆ. ಚಿತ್ರ ಸ್ವಲ್ಪ ಒರಟಾಗಿ ಕಾಣುತ್ತದೆ, ನಿಮ್ಮ ಟಿವಿ ಕೆಟ್ಟಿಲ್ಲ. ಒಂದು ಹನಿ ರಕ್ತ ಮೇಲಿಂದ ಒಬ್ಬರ ಕಣ್ಣಿಗೆ ಬೀಳುವ ದೃಶ್ಯವಿದೆ. ಆಮೇಲೆ ಆ ಮನುಷ್ಯನಿಗೆ ಉಳಿಯುವುದು ಕೆಲವೇ ಸೆಕೆಂಡು. ಅದನ್ನು ಆತ ಹೇಗೆ ಬಳಸುತ್ತಾನೆ ನೋಡಿ. ಮೊದಲ ಸಲ ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತುಬಿಟ್ಟಿತ್ತು.

ಸ್ಪೇನ್‌ನ 'ರೆಕ್' (2007) ಒಂದೂವರೆ ಗಂಟೆಯೂ ಇಲ್ಲ. ಟಿವಿ ವರದಿಗಾರ್ತಿ ಅಗ್ನಿಶಾಮಕದವರ ಜೊತೆ ಬಾರ್ಸಿಲೋನಾದ ಒಂದು ಅಪಾರ್ಟ್‌ಮೆಂಟಿಗೆ ಹೋಗುತ್ತಾಳೆ, ಸರ್ಕಾರದವರು ಹೊರಗಿನಿಂದ ಬಾಗಿಲು ಮುಚ್ಚುತ್ತಾರೆ. ರಾತ್ರಿ ಒಬ್ಬರೇ ನೋಡಬೇಡಿ. ಅಥವಾ ಒಬ್ಬರೇ ನೋಡಿ, ಕೇಳಿದ್ದು ನೀವೇ ತಾನೇ.

ಇನ್ನು ಜಪಾನಿನ 'ಒನ್ ಕಟ್ ಆಫ್ ದಿ ಡೆಡ್' (2017). ಇದರ ಬಗ್ಗೆ ಏನೂ ಓದಬೇಡಿ, ಟ್ರೇಲರ್ ಕೂಡ ಬೇಡ. ಮೊದಲ 37 ನಿಮಿಷ ಎಲ್ಲೂ ಕಟ್ ಇಲ್ಲದ ಒಂದೇ ಶಾಟ್. ಆ 37 ನಿಮಿಷ ಕೆಟ್ಟ ಸಿನಿಮಾದಂತೆಯೇ ಇರುತ್ತದೆ. ಜೋಂಬಿ ಬರುವ ಹೊತ್ತಲ್ಲಿ ಪಾತ್ರಗಳು ಸುಮ್ನೆ ನಿಂತು ಹವ್ಯಾಸದ ಬಗ್ಗೆ ಮಾತಾಡುತ್ತವೆ. ಕ್ಯಾಮೆರಾ ಗಾಜಿಗೆ ರಕ್ತ ಸಿಡಿದರೆ ಯಾರೋ ಒರೆಸುತ್ತಾರೆ. ಗೆಳೆಯನೊಬ್ಬನಿಗೆ ತೋರಿಸಿದಾಗ ಇಪ್ಪತ್ತನೇ ನಿಮಿಷಕ್ಕೆ "ಇದೇನು ಕರ್ಮ ಮಾರಾಯ" ಅಂತ ಎದ್ದುಬಿಟ್ಟ. ತೋಳು ಹಿಡಿದು ಕೂರಿಸಿದೆ. ಮುಗಿಯುವಾಗ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಮೇಲೆ ಅವನೇ ರಿಮೋಟ್ ಕಿತ್ತುಕೊಂಡು ಮೊದಲ ಅರ್ಧ ಗಂಟೆ ಮತ್ತೆ ಹಾಕಿದ. ಸುಮಾರು 30 ಲಕ್ಷ ಯೆನ್‌ನಲ್ಲಿ ಮಾಡಿದ ಸಿನಿಮಾ ಇದು. ಅಂದರೆ ದೊಡ್ಡ ಸಿನಿಮಾದವರು ಪೋಸ್ಟರಿಗೆ ಅದಕ್ಕಿಂತ ಜಾಸ್ತಿ ಸುರಿಯುತ್ತಾರೆ. ನಗಬೇಕು ಅಂತಲೇ ಇದ್ದರೆ 'ಶಾನ್ ಆಫ್ ದಿ ಡೆಡ್' (2004) ಕೂಡ ಇದೆ, ಅದನ್ನು ಎಲ್ಲರೂ ಹೇಳುತ್ತಾರೆ.

ಜೋಂಬಿ ಬಿಟ್ಟು ಬೇರೆ ಅಂದರೆ, ಮೊದಲು 'ದಿ ಅದರ್ಸ್' (2001). ನಿಕೋಲ್ ಕಿಡ್ಮನ್ ಇದ್ದಾರೆ. ಮಕ್ಕಳಿಗೆ ಬೆಳಕು ಆಗಿಬರುವುದಿಲ್ಲ. ಹಾಗಾಗಿ ಆ ಮನೆಯಲ್ಲಿ ಒಂದು ಬಾಗಿಲಿಗೆ ಬೀಗ ಹಾಕದೆ ಇನ್ನೊಂದು ತೆಗೆಯುವಂತಿಲ್ಲ. ರಕ್ತ ಇಲ್ಲವೇ ಇಲ್ಲ ಅನ್ನಬಹುದು, ಮೈ ಮಾತ್ರ ಜುಂ ಅನ್ನುತ್ತದೆ.

ಆಮೇಲೆ ಜಾನ್ ಕಾರ್ಪೆಂಟರ್ ಅವರ 'ದಿ ಥಿಂಗ್' (1982). ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರ, ಹೊರಗೆ ಹಿಮ. ಇಲ್ಲಿ ಬಾಗಿಲು ಹಾಕಿ ಏನೂ ಪ್ರಯೋಜನವಿಲ್ಲ, ಬರಬೇಕಾದ್ದು ಆಗಲೇ ಯಾರದೋ ವೇಷದಲ್ಲಿ ಒಳಗೆ ಬಂದಾಗಿದೆ. ಎಲ್ಲರ ರಕ್ತವನ್ನು ಬೇರೆ ಬೇರೆ ಗಾಜಿನ ತಟ್ಟೆಯಲ್ಲಿಟ್ಟು, ಕಾಯಿಸಿದ ತಂತಿಯನ್ನು ಒಂದೊಂದಕ್ಕೇ ಅದ್ದುವ ದೃಶ್ಯಕ್ಕೆ ಸಮನಾದದ್ದು ನಾನು ಇನ್ನೂ ನೋಡಿಲ್ಲ. ಮೂರು ತಟ್ಟೆ ದಾಟುವಷ್ಟರಲ್ಲಿ ನೀವು ಉಸಿರು ಬಿಟ್ಟಿರುತ್ತೀರಿ, ಅವರು ಕಾಯುತ್ತಿರುವುದೇ ಅದಕ್ಕೆ. ಊಟ ಮಾಡುತ್ತಾ ನೋಡುವ ಸಿನಿಮಾ ಅಲ್ಲ.

ಜಪಾನಿನ 'ರಿಂಗು' (1998) ನಿಧಾನ, ತಾಳ್ಮೆ ಬೇಕು. ಕೊನೆಗೆ ಬರುವ ದೆವ್ವದ ಆ ವಿಚಿತ್ರ ನಡಿಗೆ ಕಂಪ್ಯೂಟರ್ ಕೈಚಳಕವಲ್ಲ. ನಟಿ ಹಿಂದಕ್ಕೆ ಹಿಂದಕ್ಕೆ ನಡೆದದ್ದನ್ನು ಶೂಟ್ ಮಾಡಿ ಉಲ್ಟಾ ಓಡಿಸಿದ್ದಾರೆ. ಗೊತ್ತಿದ್ದು ನೋಡಿದರೂ ಹೆದರಿಕೆ ಕಡಿಮೆಯಾಗುವುದಿಲ್ಲ, ನಾನು ಪ್ರಯತ್ನಿಸಿದ್ದೇನೆ.

ಇಕ್ಕಟ್ಟಾದ ಜಾಗ ಕಂಡರೆ ಉಸಿರು ಕಟ್ಟುವವರು ನೀವಲ್ಲದಿದ್ದರೆ 'ದಿ ಡಿಸೆಂಟ್' (2005) ನೋಡಿ. ಆರು ಹೆಂಗಸರು ಗುಹೆಗೆ ಇಳಿಯುತ್ತಾರೆ, ಹಿಂದಿನ ದಾರಿ ಕುಸಿಯುತ್ತದೆ. ಪ್ರಾಣಿ ಗೀಣಿ ಬರುವುದು ಎಷ್ಟೋ ಹೊತ್ತಿನ ಮೇಲೆ. ಅಷ್ಟರಲ್ಲಿ ಬರೀ ಕಲ್ಲಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡದ್ದಕ್ಕೇ ನಿಮ್ಮ ಅಂಗೈ ಬೆವರಿರುತ್ತದೆ. ಒಂದು ಎಚ್ಚರಿಕೆ: ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಕೊನೆಯ ತುಣುಕು ಕತ್ತರಿಸಿದ್ದರು. ಬ್ರಿಟನ್ನಿನ ಪ್ರತಿ ಹುಡುಕಿ ನೋಡಿ.