ನೆಗಡಿಯ ಗುಳಿಗೆಯೂ ನಿದ್ದೆಗೆಟ್ಟ ರಾತ್ರಿಯೂ

ಪ್ರಶ್ನೆ: ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 54. ತೊಗರಿಯ ರಾಶಿ ಮುಗಿದು ಮಾಲು ಮಿಲ್ಲಿಗೆ ಬರತೊಡಗಿತೆಂದರೆ ಪ್ರತಿ ವರ್ಷವೂ ನನಗೆ ಸೀನು ಹತ್ತಿ ಮೂಗು ಕಟ್ಟುತ್ತದೆ. ಈ ಸಲ ಔಷಧದ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆಯನ್ನು ಬೆಳಿಗ್ಗೆ ಒಂದು, ರಾತ್ರಿ ಊಟದ ನಂತರ ಒಂದು ನುಂಗುತ್ತಿದ್ದೇನೆ. ಅದರ ಪಟ್ಟಿಯ ಮೇಲೆ ಸೆಟಿರಿಜಿನ್ 5 ಮಿ.ಗ್ರಾಂ., ಸ್ಯೂಡೋಎಫಿಡ್ರಿನ್ 120 ಮಿ.ಗ್ರಾಂ. ಎಂದಿದೆ. ಮಲಗುವಾಗ ಮೂಗಿಗೆ ಕ್ಸೈಲೋಮೆಟಜೋಲಿನ್ ಹನಿಯನ್ನೂ ಹಾಕಿಕೊಳ್ಳುತ್ತೇನೆ. ಇದೆಲ್ಲ ಮೂರು ವಾರದಿಂದ ನಡೆದಿದೆ. ನೆಗಡಿಯ ಗುಳಿಗೆಗೆ ನಿದ್ದೆ ಬರುತ್ತದೆಂದು ಎಲ್ಲರೂ ಹೇಳುತ್ತಾರೆ. ನನಗಾದರೋ ರಾತ್ರಿ ಎರಡರವರೆಗೆ ಕಣ್ಣು ಹತ್ತುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಹಗಲು ಲೆಕ್ಕದ ಪುಸ್ತಕದ ಮುಂದೆ ತೂಕಡಿಕೆ. ಬಿ.ಪಿ. ಗುಳಿಗೆಯೂ ನಡೆದಿದೆ. ನಿದ್ದೆಗೆ ಒಂದು ಗುಳಿಗೆ ಸೂಚಿಸುವಿರಾ?

ಉತ್ತರ: ನಿದ್ದೆಯ ಗುಳಿಗೆ ನಿಮಗೆ ಬೇಕಾಗಿಲ್ಲ, ಈಗ ನುಂಗುತ್ತಿರುವ ನೆಗಡಿಯ ಗುಳಿಗೆಯನ್ನು ಬಿಡುವುದೇ ಬೇಕಾಗಿರುವುದು. ಪಟ್ಟಿಯ ಮೇಲಿನ ಹೆಸರುಗಳನ್ನು ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ‘ಕೆಂಪು ಗುಳಿಗೆ’, ‘ನೆಗಡಿಯ ಗುಳಿಗೆ’ ಎಂದಷ್ಟೇ ಬರೆಯುವವರಿಗೆ ನಾನು ಊಹೆಯ ಉತ್ತರವನ್ನಲ್ಲದೆ ಬೇರೇನನ್ನೂ ಕೊಡಲಾರೆ.

ನಿಮ್ಮ ಗುಳಿಗೆಯಲ್ಲಿ ಪರಸ್ಪರ ವಿರುದ್ಧ ಸ್ವಭಾವದ ಎರಡು ಔಷಧಗಳಿವೆ. ಸೆಟಿರಿಜಿನ್ ಸೀನು ಮತ್ತು ಸುರಿಯುವ ಮೂಗನ್ನು ತಡೆಯುತ್ತದೆ, ಕೆಲವರಿಗೆ ಮಂಪರು ತರುತ್ತದೆ. ಜನ ಹೇಳುವ ‘ನಿದ್ದೆ ಬರುವ ಗುಳಿಗೆ’ಯ ಅನುಭವ ಈ ಜಾತಿಯ ಔಷಧಗಳದು. ಸ್ಯೂಡೋಎಫಿಡ್ರಿನ್‌ನ ದಾರಿ ಬೇರೆ. ಮೂಗು ಕಟ್ಟುವುದು ಒಳಗೆ ಸಿಂಬಳ ತುಂಬಿದ್ದರಿಂದ ಎಂದು ನಾವು ತಿಳಿಯುತ್ತೇವೆ, ಆದರೆ ಬಹುಪಾಲು ಅದು ಮೂಗಿನ ಒಳಪದರದ ರಕ್ತನಾಳಗಳು ಉಬ್ಬಿ ದಾರಿಯನ್ನು ಮುಚ್ಚುವುದರಿಂದ ಆಗುತ್ತದೆ. ಈ ಔಷಧವು ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಹೊರಬಿಡಿಸಿ ಆ ನಾಳಗಳನ್ನು ಕುಗ್ಗಿಸುತ್ತದೆ. ತೊಂದರೆಯೆಂದರೆ, ಹೆದರಿದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವುದೂ, ಮೆದುಳನ್ನು ಎಚ್ಚರದಲ್ಲಿ ಇಡುವುದೂ ಅದೇ ರಾಸಾಯನಿಕ. ಗುಳಿಗೆ ಹೊಟ್ಟೆಯಿಂದ ರಕ್ತಕ್ಕೆ ಸೇರಿದ ಮೇಲೆ ಮೂಗಿಗಷ್ಟೇ ಹೋಗು ಎಂದು ಅದಕ್ಕೆ ಹೇಳುವಂತಿಲ್ಲ.

ಇನ್ನು ಸಮಯದ ಲೆಕ್ಕವನ್ನು ನೋಡಿ. ನೀವು ಲೆಕ್ಕದವರೇ ಆಗಿದ್ದೀರಿ. ರಕ್ತದಲ್ಲಿರುವ ಸ್ಯೂಡೋಎಫಿಡ್ರಿನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ 5ರಿಂದ 8 ತಾಸು ಬೇಕು. ಅದರ ಮೇಲೆ ನಿಮ್ಮದು 120 ಮಿ.ಗ್ರಾಂ.ನ ಗುಳಿಗೆ, ಅಂದರೆ 12 ತಾಸಿನುದ್ದಕ್ಕೂ ನಿಧಾನವಾಗಿ ಔಷಧವನ್ನು ಬಿಡುವಂತೆ ತಯಾರಿಸಿದ್ದು. ರಾತ್ರಿ ಒಂಬತ್ತಕ್ಕೆ ನುಂಗಿದ್ದು ಎರಡು ಗಂಟೆಗೂ ಕೆಲಸ ಮಾಡುತ್ತಲೇ ಇರುತ್ತದೆ. ನಸುಕಿನಲ್ಲಿ ಅರೆನಿದ್ದೆ ಮಾಡಿ ಎದ್ದ ಮೇಲೆ, ನಿದ್ದೆಯ ಕೊರತೆಯೂ ಸೆಟಿರಿಜಿನ್‌ನ ಮಂಪರೂ ಕೂಡಿ ಹಗಲಿನ ತೂಕಡಿಕೆಯಾಗುತ್ತದೆ. ಅದನ್ನು ಓಡಿಸಲು ಮಿಲ್ಲಿನಲ್ಲಿ ನಾಲ್ಕೈದು ಸಲ ಚಹಾ ಕುಡಿಯುತ್ತೀರೆಂದು ನೀವು ಬರೆದಿಲ್ಲವಾದರೂ ನಾನು ನಂಬುತ್ತೇನೆ. ಸಂಜೆಯ ಚಹಾದ ಕೆಫೀನ್ ಕೂಡ ಇದೇ ಲೆಕ್ಕಕ್ಕೆ ಜಮೆಯಾಗುತ್ತದೆ.

ಹಾಗಾದರೆ ಅಂಗಡಿಯಲ್ಲಿ ಸಿಗುವ ಬೇರೆ ಗುಳಿಗೆಗೆ ಬದಲಾಯಿಸಲೇ ಎಂದು ನೀವು ಕೇಳಬಹುದು. ಅವುಗಳಲ್ಲಿ ಹೆಚ್ಚಿನವು ಪ್ಯಾರಾಸಿಟಮಾಲ್, ಸೆಟಿರಿಜಿನ್ ಜಾತಿಯದೇ ಆದ ಕ್ಲೋರ್‌ಫೆನಿರಮೈನ್ ಮತ್ತು ಮೂಗಿನ ನಾಳಗಳನ್ನು ಕುಗ್ಗಿಸಲೆಂದು ಹಾಕುವ ಫಿನೈಲ್ಎಫ್ರಿನ್ ಕೂಡಿದವು. ಕೆಲವಕ್ಕೆ ಕೆಫೀನ್ ಅನ್ನೂ ಸೇರಿಸಿರುತ್ತಾರೆ, ರಾತ್ರಿ ನುಂಗುವ ಗುಳಿಗೆಗೆ ಅದೇಕೆ ಎಂದು ನನಗಂತೂ ಸಮಾಧಾನವಿಲ್ಲ. ಫಿನೈಲ್ಎಫ್ರಿನ್ ನಿದ್ದೆಯನ್ನು ಅಷ್ಟಾಗಿ ಕೆಡಿಸದಿರಬಹುದು, ಏಕೆಂದರೆ ಬಾಯಿಯಿಂದ ತೆಗೆದುಕೊಂಡಾಗ ಅದರ ಬಹುಭಾಗ ಕರುಳು ಮತ್ತು ಯಕೃತ್ತಿನಲ್ಲೇ ಒಡೆದುಹೋಗುತ್ತದೆ. ಆದರೆ ಅದೇ ಕಾರಣಕ್ಕೆ ಮೂಗಿಗೂ ಪ್ರಯೋಜನವಾಗುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರ ಸೆಪ್ಟೆಂಬರ್‌ನಲ್ಲಿ ಒಮ್ಮತದಿಂದ ಈ ಅಭಿಪ್ರಾಯಕ್ಕೆ ಬಂದಿತು, ಮರುವರ್ಷದ ನವೆಂಬರ್‌ನಲ್ಲಿ ಆ ಸಂಸ್ಥೆಯು ನುಂಗುವ ಫಿನೈಲ್ಎಫ್ರಿನ್ ಅನ್ನು ಅಂಗಡಿಯ ಮಾರಾಟದ ನೆಗಡಿ ಔಷಧಗಳಿಂದ ತೆಗೆಯುವ ಪ್ರಸ್ತಾವವನ್ನು ಮುಂದಿಟ್ಟಿತು.

ಹನಿಯ ವಿಷಯ ಗುಳಿಗೆಗಿಂತ ಗಂಭೀರವಾದುದು. ಕ್ಸೈಲೋಮೆಟಜೋಲಿನ್ ಹಾಕಿದ ಕೆಲವೇ ನಿಮಿಷಗಳಲ್ಲಿ ಮೂಗು ಬಿಡುತ್ತದೆ, ಅದರ ಸುಖವೇ ಅದರ ಅಪಾಯ. ಮೂರರಿಂದ ಐದು ದಿನ ಮೀರಿ ಬಳಸಿದರೆ ಔಷಧ ಇಳಿದೊಡನೆ ನಾಳಗಳು ಮೊದಲಿಗಿಂತ ಹೆಚ್ಚು ಉಬ್ಬುತ್ತವೆ, ಮತ್ತೆ ಹನಿ ಹಾಕಬೇಕಾಗುತ್ತದೆ, ಹೀಗೆ ರೋಗ ಯಾವುದು ಔಷಧ ಯಾವುದು ಎಂದು ತಿಳಿಯದಂತಾಗುತ್ತದೆ. ಮಲಗಿದಾಗ ತಲೆಯ ಕಡೆ ರಕ್ತ ಹೆಚ್ಚಾಗಿ ನಿಲ್ಲುವುದರಿಂದ, ಅದರಲ್ಲೂ ಮಗ್ಗುಲಾದಾಗ ಕೆಳಬದಿಯ ಹೊಳ್ಳೆ ಬೇಗ ಕಟ್ಟುವುದರಿಂದ, ಈ ಕಾಟ ಹಾಸಿಗೆಯಲ್ಲೇ ಜೋರು. ಮೊದಲು ಒಂದು ಹೊಳ್ಳೆಗೆ ಹನಿ ಹಾಕುವುದನ್ನು ನಿಲ್ಲಿಸಿ, ಅದು ಸರಿಹೋದ ಮೇಲೆ ಇನ್ನೊಂದಕ್ಕೂ ನಿಲ್ಲಿಸುವ ಕ್ರಮ ಹಲವರಿಗೆ ಸಹ್ಯವಾಗುತ್ತದೆ. ಮೊದಲ ಕೆಲವು ರಾತ್ರಿಗಳು ಕಷ್ಟದವೇ, ದಿಂಬನ್ನು ಎತ್ತರಿಸಿಕೊಳ್ಳಿ.

ಪ್ರತಿ ವರ್ಷ ಅದೇ ಹಂಗಾಮಿಗೆ ಬಂದು ಮೂರು ವಾರವಾದರೂ ಹೋಗದಿರುವುದು ನೆಗಡಿಯಾಗಿರುವ ಸಂಭವ ಕಡಿಮೆ. ವೈರಾಣುವಿನ ನೆಗಡಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನದಲ್ಲಿ ಇಳಿಯುತ್ತದೆ. ನಿಮ್ಮದು ತೊಗರಿಯ ದೂಳಿನ ಅಲರ್ಜಿಯಾಗಿರಬೇಕೆಂಬುದು ನನ್ನ ಅನುಮಾನ. ಹಾಗಿದ್ದರೆ ವೈದ್ಯರು ಕೊಡುವ ಸ್ಟಿರಾಯ್ಡ್ ಮೂಗಿನ ಸ್ಪ್ರೇ ಸರಿಯಾದ ಚಿಕಿತ್ಸೆ. ಸ್ಟಿರಾಯ್ಡ್ ಎಂಬ ಹೆಸರಿಗೆ ಬೆದರಬೇಡಿ: ಮೂಗಿಗೆ ಹಾಕುವ ಪ್ರಮಾಣ ಬಹಳ ಕಡಿಮೆ, ಅದು ನಿದ್ದೆಗೆಡಿಸುವ ಜಾತಿಯ ಔಷಧವೂ ಅಲ್ಲ. ಆದರೆ ಪೂರ್ಣ ಗುಣ ಕಾಣಲು ಒಂದೆರಡು ವಾರ ಬೇಕು. ಮಿಲ್ಲಿನಲ್ಲಿ ಮುಖಗವಸು ಹಾಕಿಕೊಳ್ಳಿ. ಮನೆಗೆ ಬಂದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಿ, ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಹಾ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಕರಗಿಸಿ ಮೂಗನ್ನು ತೊಳೆದುಕೊಳ್ಳಿ.

ಬಿ.ಪಿ. ಇರುವುದರಿಂದ ನೆಗಡಿಯ ಗುಳಿಗೆಯಲ್ಲಿ ರಾತ್ರಿಯದನ್ನಷ್ಟೇ ಅಲ್ಲ, ಬೆಳಗಿನದನ್ನೂ ಇಂದೇ ನಿಲ್ಲಿಸಿ, ಈ ವಾರವೇ ಬಿ.ಪಿ. ನೋಡಿಸಿಕೊಳ್ಳಿ. ಹತೋಟಿಯಲ್ಲಿಲ್ಲದ ರಕ್ತದೊತ್ತಡವಿರುವವರಿಗೆ ಸ್ಯೂಡೋಎಫಿಡ್ರಿನ್ ಸಲ್ಲದು. ನಿಮ್ಮ ವಯಸ್ಸಿನ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದ್ದರೆ ಇದರಿಂದ ಮೂತ್ರ ಕಟ್ಟುವುದೂ ಉಂಟು. ರಾತ್ರಿ ಮೂತ್ರಕ್ಕೆ ಏಳುವುದು ಹೆಚ್ಚಾಗಿದ್ದರೆ ವೈದ್ಯರಿಗೆ ಹೇಳಲು ಸಂಕೋಚಪಡಬೇಡಿ.

ಪ್ರಶ್ನೆ: ನಮ್ಮ ಮಗನಿಗೆ ಮೂರು ವರ್ಷ. ಬೀದರಿನ ಚಳಿಗೆ ಮೂಗು ಕಟ್ಟಿದಾಗ ಅಕ್ಕನ ಮಗನಿಗೆ ಕೊಟ್ಟಿದ್ದ ನೆಗಡಿಯ ಸಿರಪ್ಪನ್ನೇ ಕೊಟ್ಟೆವು. ಮಲಗುವ ಬದಲು ಮಧ್ಯರಾತ್ರಿಯವರೆಗೆ ಕುಣಿದಾಡಿದ. ಹೀಗೂ ಆಗುತ್ತದೆಯೇ?

ಉತ್ತರ: ಆಗುತ್ತದೆ. ಇಂಥ ಸಿರಪ್ಪುಗಳಲ್ಲಿ ಹಲವು ಸಲ ಇರುವ, ದೊಡ್ಡವರಿಗೆ ಮಂಪರು ತರುವ ಕ್ಲೋರ್‌ಫೆನಿರಮೈನ್ ಕೆಲವು ಮಕ್ಕಳಲ್ಲಿ ತಿರುಗಾಮುರುಗಾ ಕೆಲಸ ಮಾಡಿ ಅವರನ್ನು ಕೆರಳಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್ಎಫ್ರಿನ್ ಕೂಡಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ನಮ್ಮ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಎಚ್ಚರಿಸಿದ್ದಾರೆ. ಉಳಿದ ಸಿರಪ್ಪನ್ನು ಇಟ್ಟುಕೊಳ್ಳಬೇಡಿ. ಮಲಗಿಸುವ ಮುನ್ನ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿಯನ್ನು ಎರಡೂ ಹೊಳ್ಳೆಗೆ ಬಿಟ್ಟು ಒರೆಸಿ, ಬೆಚ್ಚಗಿನ ನೀರು ಕುಡಿಸಿ. ಕೆಮ್ಮಿದ್ದರೆ ಅರ್ಧ ಚಮಚ ಜೇನು ನೆಕ್ಕಿಸಬಹುದು. ಉಸಿರಾಡುವಾಗ ಪಕ್ಕೆಲುಬಿನ ಕೆಳಗೆ ಒಳಸೆಳೆತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.