ಒಂದು ಕಡೆ ‘ಸ್ಟಾಕ್ ಇಲ್ಲ’, ಇನ್ನೊಂದು ಕಡೆ ಎಕ್ಸ್‌ಪೈರಿ ಪೆಟ್ಟಿಗೆ

ಸರ್ಕಾರಿ ಆಸ್ಪತ್ರೆಗಳ ಔಷಧಿ ಸ್ಟೋರ್ ನೋಡಿಕೊಂಡೇ ನನ್ನ ಸರ್ವೀಸ್ ಮುಗಿಯಿತು. ಈಗ ನಿಮ್ಮ ಪತ್ರ ಓದುವ ಕೆಲಸ. ಮುಕ್ಕಾಲು ಪಾಲು ಪತ್ರಗಳಲ್ಲಿ ಅದೇ ನಾಲ್ಕೈದು ಪ್ರಶ್ನೆ, ಸುಮ್ನೆ ಊರಿನ ಹೆಸರು ಮಾತ್ರ ಬೇರೆ. ಇವತ್ತು ಎಲ್ಲಕ್ಕೂ ಒಟ್ಟಿಗೆ ಉತ್ತರ ಕೊಟ್ಟುಬಿಡುತ್ತೇನೆ. ದಯವಿಟ್ಟು ಮುಂದಿನ ತಿಂಗಳು ಬೇರೆ ಏನಾದರೂ ಕೇಳಿ.

ಪ್ರಶ್ನೆ: ನಮ್ಮ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಶುಗರ್ ಮಾತ್ರೆ ಕೇಳಿದರೆ ‘ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ’ ಅನ್ನುತ್ತಾರೆ. ಅದೇ ಸಮಯಕ್ಕೆ ಸರ್ಕಾರಿ ಔಷಧಿ ಎಕ್ಸ್‌ಪೈರಿ ಆಗಿ ಎಸೆದಿದ್ದಾರೆ ಅಂತ ಪೇಪರಿನಲ್ಲಿ ಬರುತ್ತದೆ. ನಡುವೆ ಯಾರೋ ತಿನ್ನುತ್ತಿದ್ದಾರೆ ಅಂತಲೇ ಅಲ್ವಾ?

ಕಳ್ಳತನ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಸ್ವಲ್ಪ ಯೋಚನೆ ಮಾಡಿ. ಕದಿಯುವವನು ಮಾಲನ್ನು ಎಕ್ಸ್‌ಪೈರಿ ಆಗಲು ಬಿಡುತ್ತಾನಾ? ಕೊರತೆ ಮತ್ತು ಎಸೆತ ಎರಡು ಬೇರೆ ರೋಗಗಳಲ್ಲ. ಒಂದೇ ರೋಗ, ಅದು ಹುಟ್ಟುವುದು ಇಂಡೆಂಟ್, ಅಂದರೆ ಯಾವ ಔಷಧಿ ಎಷ್ಟು ಬೇಕು ಅನ್ನುವ ಬೇಡಿಕೆ ಪಟ್ಟಿ, ಬರೆಯುವ ಟೇಬಲ್ಲಿನ ಮೇಲೆ.

ಒಂದು ಲೆಕ್ಕ ಹೇಳುತ್ತೇನೆ. ಒಂದು ಪಿಎಚ್‌ಸಿ ಕಳೆದ ವರ್ಷ 600 ಸ್ಟ್ರಿಪ್ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಕೊಟ್ಟಿದೆ ಅಂದುಕೊಳ್ಳಿ. ರಿಜಿಸ್ಟರ್ ನೋಡಿದ ಫಾರ್ಮಸಿಸ್ಟ್ ಅದಕ್ಕೆ ನೂರಕ್ಕೆ ಹತ್ತು ಸೇರಿಸಿ 660 ಅಂತ ಬರೆಯುತ್ತಾರೆ. ಮೇಲಿನವರು ಸಹಿ ಹಾಕುತ್ತಾರೆ. ಯಾರೂ ಕೇಳದ ಪ್ರಶ್ನೆ ಏನೆಂದರೆ, ಆ ವರ್ಷ ಎಷ್ಟು ದಿನ ಕಪಾಟು ಖಾಲಿ ಇತ್ತು? ನಾಲ್ಕು ತಿಂಗಳು ಖಾಲಿ ಇತ್ತು ಅನ್ನಿ. ಅಂದರೆ 600 ಸ್ಟ್ರಿಪ್ ಹೋಗಿದ್ದು ಎಂಟೇ ತಿಂಗಳಲ್ಲಿ, ತಿಂಗಳಿಗೆ 75. ವರ್ಷಕ್ಕೆ ಬೇಕಾಗಿದ್ದು 900. ಖಾಲಿ ಇದ್ದಾಗ ಬಂದು ವಾಪಸ್ ಹೋದ ರೋಗಿ ಯಾವ ರಿಜಿಸ್ಟರಿನಲ್ಲೂ ಇಲ್ಲ. ಕಾಗದದ ಪ್ರಕಾರ ಆ ನಾಲ್ಕು ತಿಂಗಳು ಊರಲ್ಲಿ ಯಾರಿಗೂ ಶುಗರ್ ಇರಲಿಲ್ಲ! ಆ 660 ಸ್ಟ್ರಿಪ್ಪನ್ನು ಏಪ್ರಿಲ್‌ನಲ್ಲಿ ಕೊಡಲು ಶುರು ಮಾಡಿದರೆ ಡಿಸೆಂಬರ್ ಕೊನೆಗೆ ಮತ್ತೆ ‘ಹೊರಗಡೆ ತಗೊಳ್ಳಿ’.

ಇನ್ನು ಎಸೆತದ ಕಥೆ. ಒಂದೆರಡು ವರ್ಷ ಜನರ ಕೈಲಿ ಬೈಸಿಕೊಂಡ ಫಾರ್ಮಸಿಸ್ಟ್ ಮೂರನೇ ವರ್ಷ ಎಲ್ಲವನ್ನೂ ದುಪ್ಪಟ್ಟು ಬರೆಯುತ್ತಾರೆ, ಬೇಕಾದದ್ದನ್ನೂ ಬೇಡವಾದದ್ದನ್ನೂ. ಇವರು ಹೀಗೆ ಬರೆಯುತ್ತಾರೆ ಅಂತ ಮೇಲಿನವರಿಗೂ ಗೊತ್ತು, ಹಾಗಾಗಿ ಅವರು ಎಲ್ಲವನ್ನೂ ಅರ್ಧಕ್ಕೆ ಕತ್ತರಿಸುತ್ತಾರೆ, ಅದರಲ್ಲಿ ಸತ್ಯ ಬರೆದವನಿಗೆ ಅರ್ಧವೇ ಸಿಗುತ್ತದೆ, ಸುಳ್ಳು ಬರೆದವನಿಗೆ ಸರಿಯಾಗಿ ಸಿಗುತ್ತದೆ, ಮುಂದಿನ ವರ್ಷ ಸತ್ಯವಂತನೂ ಸುಳ್ಳು ಕಲಿಯುತ್ತಾನೆ. ಈ ನಡುವೆ ಒಂದು ಸಿರಪ್ಪನ್ನು ಜಾಸ್ತಿ ಬರೆಯುತ್ತಿದ್ದ ಡಾಕ್ಟರಿಗೆ ವರ್ಗವಾಗುತ್ತದೆ. ಹೊಸಬರು ಅದನ್ನು ಮುಟ್ಟುವುದಿಲ್ಲ. ಪೆಟ್ಟಿಗೆಗಳು ಮೂಲೆಗೆ ಬೀಳುತ್ತವೆ, ಹೊಸ ಲಾಟ್ ಬಂದಾಗ ಅದನ್ನು ಮುಂದೆ ಪೇರಿಸುತ್ತಾರೆ, ಹಳೆಯದು ಗೋಡೆ ಹಿಡಿಯುತ್ತದೆ. ಮೊದಲು ಎಕ್ಸ್‌ಪೈರಿ ಆಗುವುದು ಮೊದಲು ಹೊರಗೆ ಹೋಗಬೇಕು ಅನ್ನುವುದು ಬಾಯಿಪಾಠ ಎಲ್ಲರಿಗೂ ಇದೆ. ಪೆಟ್ಟಿಗೆ ಎತ್ತಿ ಹಿಂದೆ ಮುಂದೆ ಮಾಡಲು ಆಳಿಲ್ಲ.

ನಾನೂ ಸಾಚಾ ಅಲ್ಲ. ಒಂದು ಮಳೆಗಾಲದಲ್ಲಿ ನನ್ನ ಕೈಕೆಳಗಿನ ಒಂದು ಪಿಎಚ್‌ಸಿಯಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಮುಗಿದಿತ್ತು. ಗದ್ದೆಯಲ್ಲಿ ಕಚ್ಚಿಸಿಕೊಂಡವರನ್ನು ಜಿಲ್ಲಾ ಆಸ್ಪತ್ರೆಗೆ ಓಡಿಸಬೇಕಾಯಿತು. ಪಕ್ಕದ ಹೋಬಳಿಯ ಪಿಎಚ್‌ಸಿಯಲ್ಲಿ ಎರಡು ಪೆಟ್ಟಿಗೆ ಸುಮ್ಮನೆ ಕೂತಿತ್ತು ಅಂತ ನನಗೆ ತಿಳಿದಿದ್ದು ಫೆಬ್ರವರಿಯಲ್ಲಿ, ಎಕ್ಸ್‌ಪೈರಿ ಲಿಸ್ಟ್ ಬಂದಾಗ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಇನ್ನೊಂದು ಮಾತು, ಇಂಜೆಕ್ಷನ್ ಮುಗಿದ ಪಿಎಚ್‌ಸಿಯ ವರದಿಯಲ್ಲಿ ಅದು ಮುಗಿಯುವವರೆಗೂ ‘ಲಭ್ಯ’ ಅಂತಲೇ ಇತ್ತು, ಏಕೆಂದರೆ ನಾಲ್ಕು ವೈಯಲ್ (ಇಂಜೆಕ್ಷನ್ನಿನ ಸಣ್ಣ ಬಾಟಲಿ) ಇತ್ತು. ವಿಷ ಏರಿದ ಒಬ್ಬರಿಗೆ ಮೊದಲ ಡೋಸೇ ಸಾಮಾನ್ಯವಾಗಿ 8ರಿಂದ 10 ವೈಯಲ್ ಬೇಕು. ಮಕ್ಕಳಿಗೂ ಅಷ್ಟೇ, ಹಾವು ಚಿಕ್ಕವರು ಅಂತ ವಿಷ ಕಡಿಮೆ ಬಿಡುವುದಿಲ್ಲ. ನಾಲ್ಕು ವೈಯಲ್ ಇದ್ದರೆ ನನ್ನ ಲೆಕ್ಕದಲ್ಲಿ ಅದು ಸೊನ್ನೆ.

ಸರಿ ಮಾಡಲು ಆಗದ್ದೇನಲ್ಲ. ತಮಿಳುನಾಡು 1990ರ ದಶಕದ ಮಧ್ಯದಲ್ಲೇ ಔಷಧಿ ಖರೀದಿಗೆ ನಿಗಮ ಮಾಡಿ ಆಸ್ಪತ್ರೆಗಳಿಗೆ ಪಾಸ್‌ಬುಕ್ ಕೊಟ್ಟಿತು, ಬ್ಯಾಂಕಿನದ್ದರ ಹಾಗೆ. ನಿಮ್ಮ ಪಾಲು ಇಷ್ಟು ರೂಪಾಯಿ, ಬೇಕಾದಾಗ ಬೇಕಾದ ಔಷಧಿ ಜಿಲ್ಲಾ ಗೋದಾಮಿನಿಂದ ತಗೊಂಡು ಬರೆಸಿಕೊಳ್ಳಿ. ವರ್ಷಕ್ಕೊಮ್ಮೆ ಭವಿಷ್ಯ ಹೇಳಿ ಕೂರುವ ಹಾಗಿಲ್ಲ. ಬಂದ ಬ್ಯಾಚು ಲ್ಯಾಬ್ ವರದಿ ಬರುವವರೆಗೆ ಗೋದಾಮಿನಲ್ಲೇ ಬೇರೆ ಇರುತ್ತದೆ. ಆಮೇಲೆ ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದವು. ಆದರೆ ನಿಗಮದ ಬೋರ್ಡ್ ಹಾಕಿದಷ್ಟು ಸುಲಭವಾಗಿ ಹಳೇ ಇಂಡೆಂಟ್ ಚಾಳಿ ಹೋಗುವುದಿಲ್ಲ.

ನೀವು ಮಾಡಬಹುದಾದ್ದು ಒಂದಿದೆ. ನಿಮ್ಮ ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ‘ಎಷ್ಟು ಔಷಧಿ ಬಂತು’ ಅಂತ ಕೇಳಬೇಡಿ. ಆ ಉತ್ತರ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಬಿಪಿ, ಶುಗರ್, ಹಾವಿನ ವಿಷ, ನಾಯಿ ಕಡಿತ, ಈ ನಾಲ್ಕರ ಔಷಧಿ ಈ ವರ್ಷ ಎಷ್ಟು ದಿನ ಸೊನ್ನೆ ಇತ್ತು ಅಂತ ಕೇಳಿ. ಕೂಗಾಡಬೇಡಿ. ಪಾಪ, ಎಷ್ಟೋ ಕಡೆ ಒಬ್ಬನೇ ಫಾರ್ಮಸಿಸ್ಟ್ ಎರಡು ಆಸ್ಪತ್ರೆ ನೋಡುತ್ತಿರುತ್ತಾನೆ.

ಪ್ರಶ್ನೆ: ಎಲ್ಲಾ ಕಂಪ್ಯೂಟರ್ ಆಗಿದೆಯಲ್ಲ, ಮತ್ತೆ ಯಾಕೆ ಈ ಗೋಳು?

ಲಸಿಕೆಯ ವಿಷಯದಲ್ಲಿ ನಿಜಕ್ಕೂ ಸುಧಾರಿಸಿದೆ. 2015ರಲ್ಲಿ ಶುರುವಾದ, ಲಸಿಕೆ ಸ್ಟಾಕಿನ ಲೆಕ್ಕ ಇಡುವ ಇ-ವಿನ್‌ನಲ್ಲಿ ಯಾವ ಕೇಂದ್ರದಲ್ಲಿ ಎಷ್ಟು ಡೋಸ್ ಇದೆ ಅಂತ ಮೊಬೈಲಿನಲ್ಲೇ ಕಾಣುತ್ತದೆ, ಫ್ರಿಜ್ಜಿನ ಉಷ್ಣಾಂಶ 2ರಿಂದ 8 ಡಿಗ್ರಿ ದಾಟಿದರೆ ಮೆಸೇಜ್ ಹೋಗುತ್ತದೆ. ಮಾತ್ರೆಗಳ ಲೆಕ್ಕವನ್ನು ಮಾತ್ರ ಶನಿವಾರ ಸಂಜೆ ಕೂತು ಇಡೀ ವಾರದ್ದು ಅಂದಾಜಿನಲ್ಲಿ ತುಂಬಿದರೆ ಯಾವ ಸಾಫ್ಟ್‌ವೇರ್ ಏನು ಮಾಡೀತು?

ಪ್ರಶ್ನೆ: ಇನ್ಸುಲಿನ್ ಜಾಸ್ತಿ ದಿನ ಬರಲಿ ಅಂತ ಫ್ರೀಜರಿನಲ್ಲಿ ಇಡಬಹುದಾ?

ಬೇಡ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಚುಚ್ಚಿಕೊಳ್ಳಬೇಡಿ, ಎಸೆಯಿರಿ.

ಪ್ರಶ್ನೆ: ಎಕ್ಸ್‌ಪೈರಿ ಡೇಟ್ ಕಂಪನಿಗಳ ಮೋಸ, ಎರಡು ವರ್ಷ ಆಮೇಲೂ ತಗೋಬಹುದು ಅಂತ ವಾಟ್ಸ್ಆ್ಯಪಿನಲ್ಲಿ ಬಂದಿದೆ.

ಇದು ಈ ತಿಂಗಳಲ್ಲೇ ಆರನೇ ಪತ್ರ. ತಂಪಾಗಿ, ಒಣಗಿದ ಜಾಗದಲ್ಲಿ ಇಟ್ಟ ಕೆಲವು ಮಾತ್ರೆಗಳಲ್ಲಿ ಶಕ್ತಿ ಉಳಿದಿರಬಹುದು. ನೀವು ಇಟ್ಟಿರುವುದು ಟಿವಿ ಮೇಲೆ. ತಿಂಗಳು ಮಾತ್ರ ಅಚ್ಚಾಗಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ತಗೊಳ್ಳಿ, ಆಮೇಲೆ ಬೇಡ.

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಸಿಗುವುದೇ ಖಾತ್ರಿ ಇಲ್ಲ ಅಂದಮೇಲೆ ಹಾವು ಕಚ್ಚಿದರೆ ನಾಟಿ ಔಷಧಿಯೇ ವಾಸಿ ಅಲ್ವಾ?

ಅಲ್ಲ, ಅಲ್ಲ, ಅಲ್ಲ. ವಿಷವಿಲ್ಲದ ಹಾವು ಎಷ್ಟೋ ಕಚ್ಚುತ್ತವೆ. ನಾಗರವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಹಾಗೆ ಕಚ್ಚಿಸಿಕೊಂಡವರೆಲ್ಲ ಸುಮ್ಮನೆ ಮಲಗಿದ್ದರೂ ಬದುಕುತ್ತಿದ್ದರು. ಹೆಸರು ಮಾತ್ರ ಬೇರು ಅರೆದು ಕೊಟ್ಟವನಿಗೆ. ಅವನ ಹತ್ತಿರ ಸ್ಟಾಕ್ ಯಾಕೆ ಯಾವತ್ತೂ ಖಾಲಿಯಾಗುವುದಿಲ್ಲ ಅಂತ ಯೋಚಿಸಿ, ಗಿಡದ ಬೇರಿಗೆ ಇಂಡೆಂಟ್ ಬೇಕಾ? ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ. 108ಕ್ಕೆ ಕರೆ ಮಾಡಿ, ಇಂಜೆಕ್ಷನ್ ಇರುವ ಆಸ್ಪತ್ರೆ ಯಾವುದು ಅಂತ ಕೇಳಿಕೊಂಡೇ ಹೊರಡಿ.

ಪ್ರಶ್ನೆ: ಮಗ ಆಸ್ಪತ್ರೆ ಸಪ್ಲೈ ಚೈನ್ ಬಗ್ಗೆ ಎಂಬಿಎ ಮಾಡುತ್ತೇನೆ ಅನ್ನುತ್ತಾನೆ. ಸೇರಿಸಬಹುದಾ?

ಮೊದಲು ಒಂದು ತಿಂಗಳು ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ ಪೆಟ್ಟಿಗೆ ಹೊರಲಿ. ಆಮೇಲೂ ಅದೇ ಮಾತು ಹೇಳಿದರೆ ಸೇರಿಸಿ.