ಅಳು ಬರದಿದ್ದರೆ ನಾನು ಕಲ್ಲಾದೆನಾ?

ಪ್ರಶ್ನೆ: ನಾನು ಐಸಿಯು ನರ್ಸ್. ಹೋದ ವಾರ 40 ನಿಮಿಷ ಎದೆ ಒತ್ತಿ ಸಿಪಿಆರ್ ಕೊಟ್ಟರೂ ರೋಗಿ ಉಳಿಯಲಿಲ್ಲ. ಸ್ವಲ್ಪ ಹೊತ್ತಿಗೇ ಅದೇ ಹಾಸಿಗೆಗೆ ಇನ್ನೊಬ್ಬರು ಬಂದರು. ನನಗೆ ಅಳುವೇ ಬರಲಿಲ್ಲ. ನಾನು ಕಲ್ಲಾಗಿಬಿಟ್ಟೆನಾ?

ಉತ್ತರ: ಕಲ್ಲಾಗಿದ್ದರೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ ಅಲ್ವಾ? ನಿಮಿಷಕ್ಕೆ 100ರಿಂದ 120 ಸಲ, ಕಡೇಪಕ್ಷ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು, ಕೆಲವು ಸಲ ಪಕ್ಕೆಲುಬು ಮುರಿದದ್ದು ಕೈಗೇ ಗೊತ್ತಾಗುತ್ತದೆ, ಅಂಥ ಹೊತ್ತಲ್ಲಿ ಮನಸ್ಸು ಅಳುತ್ತಾ ಕೂತರೆ ಲೆಕ್ಕ ತಪ್ಪುತ್ತದೆ, ಅದಕ್ಕೇ ದುಃಖವನ್ನು ಪಕ್ಕಕ್ಕಿಡುತ್ತದೆ. ಆಮೇಲೆ ಅದನ್ನು ಎತ್ತಿಕೊಳ್ಳಲು ನಿಮಗೆ ಯಾರೂ ಸಮಯ ಕೊಡಲಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಒಂದು ಪದ್ಧತಿ ಶುರು ಮಾಡಿದರು. ಹೆಸರು ‘ದಿ ಪಾಜ್’ (The Pause), ಅಂದರೆ ಒಂದು ಸಣ್ಣ ವಿರಾಮ. ರೋಗಿ ತೀರಿಕೊಂಡ ಮೇಲೆ ತಂಡದವರೆಲ್ಲ ಹಾಸಿಗೆಯ ಸುತ್ತ ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತಾರೆ. ಅಷ್ಟೇ. ನಿಮ್ಮ ವಾರ್ಡಿನಲ್ಲಿ ನೀವೇ ಕೇಳಿ ನೋಡಿ.

ಇನ್ನೊಂದು ಮಾತು. ಕಾಡುತ್ತಿರುವುದು ಸಾವಾ, ಅಥವಾ ಉಪಯೋಗವಿಲ್ಲ ಅಂತ ಗೊತ್ತಿದ್ದೂ ಒತ್ತುತ್ತಲೇ ಇರಬೇಕಾಯಿತು ಅನ್ನುವ ಸಂಕಟವಾ? ಎರಡನೆಯದನ್ನು 1984ರಲ್ಲೇ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್‌ಟನ್ ನೈತಿಕ ಯಾತನೆ (moral distress) ಎಂದು ಗುರುತಿಸಿದ್ದರು. ಅದು ಬರೀ ರಜೆ ಹಾಕಿದರೆ ಹೋಗುವುದಿಲ್ಲ. ಚಿಕಿತ್ಸೆ ಎಲ್ಲಿಗೆ ನಿಲ್ಲಿಸಬೇಕು ಎಂದು ವೈದ್ಯರ ಜೊತೆ ಕೂತು ಮಾತಾಡಿ, ನಿಮಗೆ ಆ ಹಕ್ಕಿದೆ. ನಿದ್ದೆ ಕೆಟ್ಟು, ಅದೇ ದೃಶ್ಯ ಕಣ್ಣಿಗೆ ಬರುತ್ತಲೇ ಇದ್ದರೆ ಮನೋವೈದ್ಯರನ್ನು ನೋಡಿ. ದಯವಿಟ್ಟು ಮುಂದೂಡಬೇಡಿ.